ಗೋಡೆ, ಮದ್ದುಗುಂಡು, ಕ್ರಯಪತ್ರ

ಆಕ್ಸ್‌ಫರ್ಡ್

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕ್ಷೇಮ. ಅಮ್ಮನಿಗೂ ಚಿಕ್ಕಪ್ಪನಿಗೂ ಇದನ್ನು ಓದಿ ಹೇಳಿ.

ಪೇಪರಿನಲ್ಲಿ ಬರುವ ‘ಆಮ್ಯುನಿಷನ್’ (ಮದ್ದುಗುಂಡು), ಡಾಕ್ಟರು ಹೇಳುವ ‘ಇಮ್ಯುನಿಟಿ’ (ರೋಗ ತಡೆಯುವ ಶಕ್ತಿ) ಎರಡೂ ಒಂದೇ ಬೇರಿನವೇ ಎಂದು ಕೇಳಿದ್ದಿರಿ. ಕಿವಿಗೆ ಅಣ್ಣತಮ್ಮಂದಿರಂತಿದ್ದರೂ ಮನೆತನ ಬೇರೆ.

ಮೊದಲನೆಯದರ ಮೂಲ ಲ್ಯಾಟಿನ್ನಿನ ‘ಮೂನೀರೆ’. ಗೋಡೆ ಕಟ್ಟಿ ಭದ್ರಪಡಿಸು ಎಂದರ್ಥ. ಊರಗೋಡೆಗೆ ರೋಮನ್ನರು ಹೇಳುತ್ತಿದ್ದ ‘ಮೊಯ್ನಿಯ’ ಇದರದೇ ಒಡಹುಟ್ಟು. ವಿಶೇಷವೆಂದರೆ ರಸ್ತೆ ಹಾಕುವುದಕ್ಕೂ ಅವರು ‘ಮೂನೀರೆ’ ಎಂಬ ಇದೇ ಕ್ರಿಯಾಪದ ಬಳಸಿದರು. ಕ್ರಿ.ಪೂ. 312ರಲ್ಲಿ ಆಪ್ಪಿಯಸ್ ಕ್ಲಾಡಿಯಸ್ ಹಾಕಿಸಿದ ರಸ್ತೆಗೂ ‘ಮೂನೀರೆ’ಯೇ. ತಳಕ್ಕೆ ಕಲ್ಲು ತುಂಬಿ ಮೇಲೆ ಚಪ್ಪಡಿ ಕೂರಿಸಿದರೆ ಅದೂ ಮಲಗಿಸಿದ ಗೋಡೆಯೇ ತಾನೆ.

ಸೈನ್ಯ ಬೀಡು ಬಿಟ್ಟಲ್ಲಿ ಮಾತ್ರ ಈ ಮಾತಿಗೆ ಅಳತೆ ಇತ್ತು. ಅಪಾಯ ಕಡಿಮೆಯಿದ್ದರೆ ಹುಲ್ಲುಹೆಂಟೆ ಕೊಯ್ದು 3 ಅಡಿ ಎತ್ತರ ಪೇರಿಸುತ್ತಿದ್ದರು. ಒಂದೊಂದು ಹೆಂಟೆ ಒಂದೂವರೆ ಅಡಿ ಉದ್ದ, 1 ಅಡಿ ಅಗಲ, ಅರ್ಧ ಅಡಿ ದಪ್ಪ. ಬೇರು ಮಣ್ಣನ್ನು ಹಿಡಿದಿದ್ದರಷ್ಟೇ ಇಟ್ಟಿಗೆಯಂತೆ ಎತ್ತಲು ಬರುತ್ತದೆ; ಸಡಿಲ ಮಣ್ಣಾದರೆ ಕೈಯಲ್ಲೇ ಉದುರುತ್ತದೆ. ಶತ್ರುವಿನ ಒತ್ತಡ ಹೆಚ್ಚಿದ್ದರೆ 12 ಅಡಿ ಅಗಲ, 9 ಅಡಿ ಆಳದ ಕಂದಕ. ಅವರ ಅಡಿ ನಮ್ಮದಕ್ಕಿಂತ ತುಸು ಸಣ್ಣದು, ಸುಮಾರು 29.6 ಸೆಂಟಿಮೀಟರ್. ಕಂದಕ ಎಂಬುದು ನಮಗೆ ಪಾರಸಿಯಿಂದ ಬಂದದ್ದು, ‘ತೋಡಿದ್ದು’ ಎಂದು ಅದರ ಅರ್ಥ. ಹಳಗನ್ನಡದ ‘ಅಗಳು’ ಕೂಡ ‘ಅಗೆ’ಯಿಂದಲೇ ಹುಟ್ಟಿತು.

ಫ್ರೆಂಚಿಗೆ ಬರುವಾಗ ‘ಮ್ಯುನಿಷನ್’ ಎಂದರೆ ಕೋಟೆಯೊಳಗೆ ಕೂಡಿಟ್ಟ ಸಾಮಾನೆಲ್ಲ. ಸಿಪಾಯಿಗಳ ರೊಟ್ಟಿಗೂ ಅದೇ ಹೆಸರು. ‘ಲಾ ಮ್ಯುನಿಷನ್’ ಅನ್ನುವುದನ್ನು ಜನ ‘ಲ್ ಆಮ್ಯುನಿಷನ್’ ಎಂದು ತಪ್ಪಾಗಿ ಒಡೆದದ್ದರಿಂದ ಮುಂದಿನ ‘ಆ’ ಅಂಟಿಕೊಂಡಿತು. ಕನ್ನಡದ ‘ಮದ್ದುಗುಂಡು’ ನನಗಂತೂ ಹೆಚ್ಚು ಚೆಂದ ಕಾಣುತ್ತದೆ: ಔಷಧಕ್ಕೂ ಸಿಡಿಪುಡಿಗೂ ನಮ್ಮಲ್ಲಿ ಒಂದೇ ಮದ್ದು. ಚಿತ್ರದುರ್ಗದ ಮದ್ದು ಬೀಸುವ ಕಲ್ಲುಗಳನ್ನು ನೀವೇ ನೋಡಿದ್ದೀರಿ.

ಇಮ್ಯುನಿಟಿಗೆ ಗೋಡೆಯ ಸೋಂಕೇ ಇಲ್ಲ. ಅದರೊಳಗಿರುವುದು ‘ಮೂನುಸ್’, ಅಂದರೆ ಊರಿಗೆ ಸಲ್ಲಿಸಬೇಕಾದ ಸೇವೆ, ಹೊರೆ. ಅದಿಲ್ಲದವನು ‘ಇಮ್ಮೂನಿಸ್’. ನಮ್ಮ ಶಾಸನಗಳ ಸರ್ವಮಾನ್ಯ ಭೂಮಿಯ ಹಾಗೆ, ತೆರಿಗೆ ಬಿಟ್ಟದ್ದು. ರೋಗಕ್ಕೆ ಆ ಮಾತು ಖಾಯಂ ಆಗಿ ಅಂಟಿಕೊಂಡದ್ದು 19ನೇ ಶತಮಾನದಲ್ಲಿ.

‘ಮೂನೀರೆ’ಯ ಇನ್ನೊಂದು ಕುಡಿ ನಿಮಗೇ ಬೇಕಾದದ್ದು: ‘ಮ್ಯುನಿಮೆಂಟ್’. ಇಂಗ್ಲೆಂಡಿನ ಕಾನೂನು ಭಾಷೆಯಲ್ಲಿ ಆಸ್ತಿಯ ಹಕ್ಕನ್ನು ಕಾಯುವ ಕಾಗದ, ಕ್ರಯಪತ್ರ, ದಾನಪತ್ರ. ಗೋಡೆ ಹೊಲವನ್ನು ಕಾಯುವಂತೆ ಪತ್ರ ಹಕ್ಕನ್ನು ಕಾಯುತ್ತದೆ. ಇಲ್ಲಿನ ಮರ್ಟನ್ ಕಾಲೇಜಿನ ಪತ್ರಗಳ ಕೋಣೆಗೆ ಕಲ್ಲಿನದೇ ಕಡಿದಾದ ಮಾಡು, ಬೆಂಕಿಗೆ ಹೆದರಿ.

ನಮ್ಮ ಟ್ರಂಕಿನ ಶತ್ರು ಬೆಂಕಿಗಿಂತ ಥಂಡಿ ಮತ್ತು ಗೆದ್ದಲು. ಚಿಕ್ಕಪ್ಪ ಹೇಳಿದರೆಂದು ಕ್ರಯಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಪ್ಲಾಸ್ಟಿಕ್ ಕಾಗದದೊಳಗೇ ಇಳಿಯುತ್ತದೆ, ಮತ್ತೆ ಬಿಡಿಸಲಾಗದು. ಕಾಗದವನ್ನೂ ಮುದ್ರೆಯ ಒತ್ತನ್ನೂ ಮುಟ್ಟಿ ಪರೀಕ್ಷಿಸುವುದಕ್ಕೂ ಆಗದು. ಗುಂಡುಸೂಚಿ, ಸ್ಟೇಪಲ್ ಮೊದಲು ತೆಗೆಯಿರಿ, ತುಕ್ಕು ಅಲ್ಲಿಂದಲೇ ಕಾಗದ ತಿನ್ನುತ್ತದೆ. ಮಡಿಕೆ ಬಿಡಿಸಿ ಚಪ್ಪಟೆಯಾಗಿಡಿ, ಹರಿಯುವುದು ಮಡಿಕೆಯಲ್ಲೇ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ. ಟ್ರಂಕಿನ ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು ಗೋಡೆಯಿಂದ ಒಂದು ಗೇಣು ದೂರವಿಡಿ. ಮಳೆಗಾಲ ಮುಗಿದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ, ಬಿಸಿಲಿಗಲ್ಲ, ಶಾಯಿ ಮಾಸುತ್ತದೆ. ಬೂಸ್ಟು ಕಂಡರೆ ಒಣಗಿದ ಮೇಲೆ ಅಂಗಳದಲ್ಲಿ ಮೆತ್ತನೆಯ ಬ್ರಷ್‌ನಿಂದ ಕೊಡವಿ. ಒದ್ದೆ ಬಟ್ಟೆ ಹಚ್ಚಿದರೆ ಹರಡುತ್ತದೆ.

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲೊಂದನ್ನು ತೆಗೆಸಿ ಚಿಕ್ಕಪ್ಪನ ಮನೆಯಲ್ಲಿಡಿ. ಎರಡೂ ಒಂದೇ ಟ್ರಂಕಿನಲ್ಲಿ ಬೇಡ.

ಇಂತಿ ನಿಮ್ಮ ಮಗಳು