ಜಿಲ್ಲಾಧಿಕಾರಿಗಳೇ, ಹತ್ತು ಗಂಟೆ ಮೇಲೆ ಬೆಟ್ಟದ ದೀಪ ಆರಿಸಿ

ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಹೋದ ಅಕ್ಟೋಬರ್‌ನಲ್ಲಿ ಒಂದು ಬೆಳಗ್ಗೆ ನಮ್ಮನೆ ಜಗಲಿಯಲ್ಲಿ ನವರಂಗ ಹಕ್ಕಿ ಬಿದ್ದಿತ್ತು. ಕಿಟಕಿ ಗಾಜಿನ ಕೆಳಗೆ, ಒಂದು ರೆಕ್ಕೆ ಜೋತುಬಿಟ್ಟು, ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿತ್ತು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಮೋಟು ಬಾಲದ ಕೆಳಗೆ ಕುಂಕುಮದಂಥ ಕೆಂಪು. ಕೈಗೆತ್ತಿಕೊಂಡರೆ ತೂಕವೇ ಇಲ್ಲ, ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು. ರಟ್ಟಿನ ಡಬ್ಬಿಗೆ ನಾಲ್ಕು ತೂತು ಮಾಡಿ, ಹಳೇ ಪಂಚೆ ತುಂಡು ಹಾಸಿ, ಕತ್ತಲೆ ಕೋಣೆಯಲ್ಲಿ ಇಟ್ಟೆವು. ಸಂಜೆ ಕಾಫಿ ಗಿಡದ ಬುಡದಲ್ಲಿ ಡಬ್ಬಿ ತೆರೆದಾಗ ಎರಡು ಸಲ ಕುಪ್ಪಳಿಸಿ ತರಗೆಲೆಯಲ್ಲಿ ಮರೆಯಾಯಿತು. ಅದರ ಹಿಂದಿನ ವರ್ಷ ಸಿಕ್ಕಿದ್ದು ಉಳಿಯಲಿಲ್ಲ.

ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯೋಕೆ ದಕ್ಷಿಣಕ್ಕೆ ಬರುವ ಹಕ್ಕಿ ಇದು. ಇದರಂತೆ ಎಷ್ಟೋ ಸಣ್ಣ ಹಕ್ಕಿಗಳು ರಾತ್ರಿಯೇ ಪ್ರಯಾಣ ಮಾಡುತ್ತವೆ. ನಕ್ಷತ್ರ ನೋಡಿಕೊಂಡು, ಭೂಮಿಯ ಕಾಂತ ಶಕ್ತಿಯ ಜಾಡು ಹಿಡಿದು ದಾರಿ ಹುಡುಕುತ್ತವೆ. ಮಂಜು ಕವಿದರೆ ನಕ್ಷತ್ರ ಕಾಣಲ್ಲ, ಹಕ್ಕಿ ಕೆಳಗಿಳಿಯುತ್ತದೆ. ಆಗ ಕೆಳಗೊಂದು ಪ್ರಖರ ದೀಪ ಇದ್ದರೆ ಮುಗೀತು. ಬೆಳಕಿನ ಸುತ್ತಲೇ ಸುತ್ತಿ ಸುತ್ತಿ ಸುಸ್ತಾಗುತ್ತದೆ, ಇಲ್ಲವೇ ಗಾಜಿಗೆ ಬಡಿಯುತ್ತದೆ. ಅಕ್ಟೋಬರ್‌ನಲ್ಲಿ ನಮ್ಮ ಗಿರಿಗಳ ಮೇಲೆ ಮಂಜು ಎಷ್ಟಿರುತ್ತೆ ಅಂತ ತಮಗೆ ಗೊತ್ತೇ ಇದೆ, ಅಲ್ವಾ?

ನಮ್ಮ ಎದುರಿನ ದಿಬ್ಬದ ಮೇಲೆ ಒಂದು ರೆಸಾರ್ಟ್ ಇದೆ. ಅದರ ಫ್ಲಡ್‌ಲೈಟ್ ಆಕಾಶಕ್ಕೆ ಮುಖ ಮಾಡಿ ಬೆಳಗಾಗುವ ತನಕ ಉರಿಯುತ್ತದೆ. ಮಂಜಿನ ರಾತ್ರಿ ಇಡೀ ದಿಬ್ಬ ಬೆಳ್ಳಗೆ ಹೊಳೆಯುತ್ತೆ. ಹೋಗಿ ಕೇಳಿದೆ. ಗೆಸ್ಟ್‌ಗಳಿಗೆ ಚೆನ್ನಾಗಿ ಕಾಣಲಿ ಅಂತ ಹಾಕಿದ್ದು ಅಂದರು. ಗೆಸ್ಟ್‌ಗಳು ಮಲಗಿದ ಮೇಲೂ ಸುಮ್ನೆ ಉರಿಯೋದು ಯಾರಿಗಾಗಿ? ನಮ್ಮ ಜಗಲಿ ದೀಪವೂ ಅಂದು ಉರಿಯುತ್ತಿತ್ತು, ಆ ತಪ್ಪು ನಮ್ಮದು. ಈಗ ಮಲಗುವ ಮೊದಲು ಆರಿಸುತ್ತೇವೆ.

ದೀಪ ಆರಿಸಿದರೆ ಪ್ರಯೋಜನ ಇದೆಯಾ ಅಂದರೆ, ಇದೆ. ನ್ಯೂಯಾರ್ಕ್‌ನಲ್ಲಿ 2001ರ ಸೆಪ್ಟೆಂಬರ್ 11ರ ಉಗ್ರರ ದಾಳಿಯಲ್ಲಿ ಸತ್ತವರ ನೆನಪಿಗೆ ಪ್ರತಿ ವರ್ಷ 88 ಸರ್ಚ್‌ಲೈಟ್ ಆಕಾಶಕ್ಕೆ ಬಿಡುತ್ತಾರೆ. ಅಲ್ಲಿ 7 ರಾತ್ರಿ ಲೆಕ್ಕ ಹಾಕಿದ ವಿಜ್ಞಾನಿಗಳು, ಸುಮಾರು 11 ಲಕ್ಷ ಹಕ್ಕಿಗಳ ಮೇಲೆ ಆ ಬೆಳಕು ಪರಿಣಾಮ ಬೀರಿದೆ ಅಂತ 2017ರಲ್ಲಿ ಪ್ರಕಟಿಸಿದರು. ದೀಪ ಆರಿಸಿದ ಕೆಲವೇ ನಿಮಿಷದಲ್ಲಿ ಹಕ್ಕಿಗಳು ಚದುರಿ ತಮ್ಮ ದಾರಿ ಹಿಡಿದವು. ಸಾವಿರಕ್ಕಿಂತ ಜಾಸ್ತಿ ಹಕ್ಕಿ ಸೇರಿದರೆ 20 ನಿಮಿಷ ದೀಪ ಆರಿಸುವ ಪದ್ಧತಿ ಅಲ್ಲಿದೆ. ಅಷ್ಟು ದೊಡ್ಡ ನೆನಪಿನ ದೀಪವನ್ನೇ ಆರಿಸಬಹುದಾದರೆ, ನಮ್ಮದು ಯಾವ ಲೆಕ್ಕ!

ಆನೆ ಕಾಟ ಇರುವ ಕಡೆ, ಕಾಫಿ ಕಣದ ಹತ್ತಿರ ದೀಪ ಬೇಕೇ ಬೇಕು. ಅದನ್ನು ಬೇಡ ಅನ್ನೋನು ನಾನಲ್ಲ, ನಾನೂ ಬೆಳೆಗಾರನೇ. ಆ ದೀಪ ನೆಲ ನೋಡಲಿ, ಮೇಲೊಂದು ಮುಚ್ಚಳ ಇರಲಿ, ಅಷ್ಟೇ. ಆದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸುತ್ತಿನ ರೆಸಾರ್ಟ್, ಹೋಂಸ್ಟೇಗಳ ಅಲಂಕಾರದ ದೀಪಗಳನ್ನು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಆಮೇಲೆ ಹಕ್ಕಿಗಳು ವಾಪಸ್ ಹೋಗುವ ಏಪ್ರಿಲ್, ಮೇ ತಿಂಗಳಲ್ಲಿ, ರಾತ್ರಿ ಹತ್ತಕ್ಕೆ ಆರಿಸುವಂತೆ ಆದೇಶ ಮಾಡಿ. ಕಾಸು ಖರ್ಚಿಲ್ಲ, ಕರೆಂಟೂ ಉಳಿಯುತ್ತೆ.

ನವರಂಗಕ್ಕೆ ತಮಿಳಿನಲ್ಲಿ ಆರು ಗಂಟೆ ಹಕ್ಕಿ ಅಂತಾರೆ. ಬೆಳಗ್ಗೆ, ಸಂಜೆ ಆರರ ಹೊತ್ತಿಗೆ ಎರಡೇ ಸ್ವರದಲ್ಲಿ ಕೂಗುತ್ತದೆ. ನವೆಂಬರ್‌ನಲ್ಲಿ ಒಂದು ಸಂಜೆ ನಮ್ಮ ತೋಟಕ್ಕೆ ಬನ್ನಿ, ಸಿಲ್ವರ್ ಮರದ ಕೆಳಗೆ ಕೂತು ಕೇಳೋಣ.

ಇಂತಿ,
ಗಿರಿ ತಪ್ಪಲಿನ ಒಬ್ಬ ಕಾಫಿ ಬೆಳೆಗಾರ