ಬೆಟಗೇರಿಯ ಸಭೆ: ಬಾಸೆಲ್ಲಿನಲ್ಲಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಬಾಸೆಲ್ಲಿನಿಂದ ಕಳಿಸಿದ ಫೋಟೊ ಮೊನ್ನೆ ರಾತ್ರಿ ಬಂತು. ‘ಮಿಶನ್‌ಸ್ಟ್ರಾಸೆ 21’ ಎಂಬ ವಿಳಾಸ, ದೊಡ್ಡ ಕಟ್ಟಡ, ಕೆಳಗೆ ನಿನ್ನದೊಂದು ಸಾಲು: ‘ನಿಮ್ಮ ಬೆಟಗೇರಿ ಚರ್ಚು ಹುಟ್ಟಿದ್ದು ಇಲ್ಲೇ ಏನೋ?’ ಎರಡು ದಿನದಿಂದ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ವಾಟ್ಸಾಪಿನಲ್ಲಿ ಹೌದು-ಅಲ್ಲ ಅಂದು ಮುಗಿಸುವ ಮಾತಲ್ಲ, ಅದಕ್ಕೇ ಈ ಕಾಗದ.

ಬಾಸೆಲ್ ಮಿಶನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ 1815ರಲ್ಲಿ ಆ ಊರಲ್ಲಿ ಹುಟ್ಟಿದ್ದು ನಿಜ. ಅಲ್ಲಿಂದ ಹೊರಟವರಲ್ಲಿ ಬಹಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಸಂಸ್ಥೆ ಸ್ವಿಸ್ ಆದರೂ ನಮ್ಮೂರಿನ ಆಸ್ಪತ್ರೆ ಜನರ ಬಾಯಲ್ಲಿ ‘ಜರ್ಮನ್ ದವಾಖಾನೆ’ ಆದದ್ದು ಇದಕ್ಕೇ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಗದಗಿನ ಪಕ್ಕದ ನಮ್ಮ ಬೆಟಗೇರಿ. ಇಷ್ಟು ನಿನಗೆ ಆ ಕಟ್ಟಡದೊಳಗಿನ ಕಪಾಟುಗಳಲ್ಲೂ ಸಿಗುತ್ತದೆ. ಆದರೆ ನಮ್ಮ ಸಭೆ, ಈ ಚರ್ಚಿನ ಜನ, ಅಲ್ಲಿ ಹುಟ್ಟಿತು ಅಂದರೆ ನಾನು ಒಪ್ಪುವುದಿಲ್ಲ.

ಯಾಕೆಂದರೆ ಮೊದಲು ಬಾಗಿಲು ತಟ್ಟಿದವರು ನಮ್ಮ ಕಡೆಯವರು. ಮಿಶನರಿಗಳು ಧಾರವಾಡ, ಹುಬ್ಬಳ್ಳಿಯಲ್ಲಿ ಇನ್ನೂ ಕನ್ನಡ ಕಲಿಯುತ್ತಿದ್ದ ದಿನಗಳಲ್ಲೇ ಕಾಲಜ್ಞಾನವನ್ನು ನಂಬುವ ಕೆಲವರು ಅವರನ್ನು ಹುಡುಕಿಕೊಂಡು ಹೋದರು. ಪಡುವಣದಿಂದ ಗುರುಗಳು ಬರುತ್ತಾರೆ, ಜಾತಿ ಅಳಿಯುತ್ತದೆ ಎಂದು ಅವರ ಹಳೆಯ ವಾಕ್ಯಗಳು ಹೇಳುತ್ತಿದ್ದವು. ಆ ಗುರುಗಳು ನೀವೇ ಏನು ಎಂದು ಕೇಳಲು ಹೋದವರು ಅವರು. ಮಿಶನರಿಗಳಿಗೆ ಸಾವಿರಾರು ಜನ ಬಂದೇ ಬರುತ್ತಾರೆಂಬ ಆಸೆ ಹುಟ್ಟಿತು. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಹೊಲ ಹಿಡಿದು, ಬರುವವರೆಲ್ಲ ಒಟ್ಟಿಗೆ ಉತ್ತು ಬಿತ್ತಿ ಬಾಳಲಿ ಎಂದು ಒಂದು ನೆಲೆಯನ್ನೇ ಕಟ್ಟಿದರು. ಸಾವಿರಾರು ಜನ ಬರಲಿಲ್ಲ. ಬಂದವರು ಬೆರಳೆಣಿಕೆಯಷ್ಟು.

ಮಿಶನ್ನಿನ ಚರಿತ್ರೆ ಬರೆಯುವವರು ಇದನ್ನೊಂದು ಸೋಲು ಎಂದು ದಾಟಿಬಿಡುತ್ತಾರೆ. ನನಗೆ ಹಾಗನಿಸುವುದಿಲ್ಲ. ನಮ್ಮ ನೆಲದ ಒಂದು ಭವಿಷ್ಯವಾಣಿಯ ಬೆನ್ನು ಹತ್ತಿ, ಗೊತ್ತಿಲ್ಲದ ಪರದೇಶಿಗಳ ಮನೆ ಕಟ್ಟೆಯ ಮೇಲೆ ಕೂತು ಪ್ರಶ್ನೆ ಕೇಳಿದವರ ಧೈರ್ಯ ಸಣ್ಣದೇ? ನಮ್ಮ ಸಭೆಯ ಮೊದಲ ಪುಟದಲ್ಲಿ ಅವರು ಇರಬೇಕು.

ಬೆಟಗೇರಿ ನೇಕಾರರ ಊರು, ನಿನಗೆ ಗೊತ್ತು. ಓಣಿಯಲ್ಲಿ ನಡೆದರೆ ಎರಡೂ ಕಡೆ ಕುಣಿಮಗ್ಗದ ಸದ್ದು. 1851ರಲ್ಲಿ ಮಿಶನ್ ಕಾಲಿಟ್ಟ ಗುಳೇದಗುಡ್ಡವೂ ಖಣ ನೇಯುವ ಊರೇ. ಆಗಿನ ಕಾಲಕ್ಕೆ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದವನ ಗತಿ ಏನೆಂದು ಯೋಚಿಸು. ಮನೆ ಬಿಡಬೇಕು, ಬಾವಿ ಬಿಡಬೇಕು, ಮಗಳಿಗೆ ಗಂಡು ಸಿಗುವುದಿಲ್ಲ. ನೇಕಾರ ಒಬ್ಬನೇ ನೇಯುವವನಲ್ಲ. ನೂಲು ಕೊಡುವವರು, ಬಣ್ಣ ಹಾಕುವವರು, ಸೀರೆ ಕೊಳ್ಳುವವರು ಎಲ್ಲ ಬೇಕು. ಆ ಎಳೆಗಳೆಲ್ಲ ಕಡಿದುಕೊಂಡು ಬಂದವರು ಕೂಡಿ ಕಟ್ಟಿದ್ದು ನಮ್ಮ ಸಭೆ.

ಆಮೇಲೆ ಬರ ಬಂತು. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ. ನಮ್ಮ ಅಜ್ಜಿಯ ಅಜ್ಜಿ ಆ ಬರದ ಕೂಸು. ಐದೋ ಆರೋ ವರ್ಷ. ತಂದೆ ತಾಯಿ ದಾರಿಯಲ್ಲೇ ತೀರಿಕೊಂಡರು. ಯಾರೋ ಎತ್ತಿ ತಂದು ಮಿಶನ್ನಿನ ಅನಾಥಾಲಯಕ್ಕೆ ಬಿಟ್ಟರು. ಹೆಸರು ಕೇಳಿದರೆ ‘ತಂಗಿ’ ಅಂದಳಂತೆ. ಮನೆಯಲ್ಲಿ ಹಾಗೇ ಕರೆಯುತ್ತಿದ್ದರೋ ಏನೋ, ಅಷ್ಟೇ ಗೊತ್ತು ಆ ಕೂಸಿಗೆ. ಬೈಬಲ್ಲಿನ ಹೆಸರು ಆಮೇಲೆ ಬಂದದ್ದು. ಮುಪ್ಪಿನಲ್ಲೂ ಸೆರಗಿನ ತುದಿಗೆ ಒಂದು ಹಿಡಿ ಜೋಳ ಗಂಟು ಹಾಕಿಕೊಂಡೇ ಮಲಗುತ್ತಿದ್ದಳು ಎಂದು ಅಜ್ಜಿ ಹೇಳುತ್ತಿದ್ದಳು. ರಾತ್ರಿ ಎಚ್ಚರವಾದಾಗ ಕೈ ಮೊದಲು ಹೋಗುತ್ತಿದ್ದದ್ದು ಆ ಗಂಟಿಗೆ.

‘ಹೊಟ್ಟೆಗಾಗಿ ಧರ್ಮ ಬಿಟ್ಟವರು’ ಎಂಬ ಮಾತನ್ನು ನಾನು ಸಾಲಿಯಲ್ಲಿ ಕೇಳಿದ್ದೇನೆ, ಪಕ್ಕದಲ್ಲಿ ನೀನೂ ಇದ್ದೆ. ಆಗ ಉತ್ತರ ತಿಳಿಯಲಿಲ್ಲ. ಈಗ ಹೇಳುತ್ತೇನೆ: ಹೌದು, ಆ ಕೂಸಿಗೆ ಹಸಿವಾಗಿತ್ತು. ಅನ್ನ ಕೊಟ್ಟವರ ದೇವರನ್ನು ಅವಳು ಪ್ರೀತಿಸಿದಳು. ಬರ ಹಿಂಗಿದ ಮೇಲೂ ಜೀವ ಇರುವ ತನಕ ಪ್ರೀತಿಸಿದಳು.

ಅವಳಿಗೆ ಓದು ಬರೆಹ ಬಂದದ್ದು ಕನ್ನಡದಲ್ಲಿ. ಇದನ್ನು ನಾನು ಒತ್ತಿ ಹೇಳಬೇಕು. ಇದೇ ಮಿಶನ್ನಿನ ಕಿಟೆಲ್ 1853ರಲ್ಲಿ ಬಂದವನು ಮೊದಲು ಕನ್ನಡ ಕೇಳಿ ಕಲಿತದ್ದು ನಮ್ಮ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ. ಅವನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ನಮ್ಮ ಸಂಗೀತ ಪುಸ್ತಕದಲ್ಲಿ ಜರ್ಮನ್ ಧಾಟಿಯ ಹಾಡುಗಳೂ ಇವೆ, ರಾಗ-ತಾಳ ಹಾಕಿದ ಕೀರ್ತನೆಗಳೂ ಇವೆ. ಅಜ್ಜಿ ಎರಡನ್ನೂ ಬೀಸುಕಲ್ಲಿನ ಹಾಡಿನ ಎಳೆತದಲ್ಲೇ ಹಾಡುತ್ತಿದ್ದಳು.

ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಸೆರೆಯಲ್ಲಿಟ್ಟು, ಆಮೇಲೆ ದೇಶದಿಂದ ಕಳಿಸಿತು. ಈ ಮಿಶನರಿ ದೊರೆಗಳು ಹೋದರೆ ಸಭೆಯೂ ಮುಚ್ಚುತ್ತದೆ ಅಂದುಕೊಂಡವರಿದ್ದರು. ಮುಚ್ಚಲಿಲ್ಲ. ನಮ್ಮ ಉಪದೇಶಿಗಳು, ಸಭೆಯ ಹಿರಿಯರು ಭಾನುವಾರದ ಗಂಟೆ ನಿಲ್ಲದ ಹಾಗೆ ನೋಡಿಕೊಂಡರು. ನಿನ್ನ ಪ್ರಶ್ನೆಗೆ ನನ್ನ ಬಲವಾದ ಉತ್ತರ ಇದೇ.

1947ರಲ್ಲಿ ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆದಾಗ ಮಂಗಳೂರು ಕಡೆಯ ಬಾಸೆಲ್ ಸಭೆಗಳು ಸೇರಿದವು, ನಮ್ಮ ಕಡೆಯವು ಸೇರಿದ್ದು 1968ರಲ್ಲಿ. ಬೋರ್ಡಿನ ಮೇಲೆ ಸಿ.ಎಸ್.ಐ. ಎಂದು ಬಂದರೂ ಹಿರಿಯರ ಬಾಯಲ್ಲಿ ಇನ್ನೂ ‘ಬಾಸೆಲ್ ಮಿಶನ್ ದೇವಾಲಯ’.

ಬೆಳೆ ಹಬ್ಬ ಹತ್ತಿರ ಬಂತು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಜನ ತಂದುಕೊಟ್ಟದ್ದರ ಲಿಲಾವು (ಹರಾಜು): ಕುಂಬಳಕಾಯಿ, ಹತ್ತಿ, ಮೊಟ್ಟೆ, ಮೆಣಸಿನಕಾಯಿ, ಒಮ್ಮೊಮ್ಮೆ ಮಗ್ಗದಿಂದ ಆಗಷ್ಟೇ ಇಳಿದ ಸೀರೆ. ನಮ್ಮ ಮನೆಯಿಂದ ಪ್ರತಿವರ್ಷ ಹೋಗುವುದು ಬಟ್ಟೆಯ ತುದಿಗೆ ಗಂಟು ಹಾಕಿದ ಒಂದು ಹಿಡಿ ಜೋಳ.

ನಿನ್ನಿಂದ ಒಂದು ಉಪಕಾರ ಆಗಬೇಕು. ಆ ಕಟ್ಟಡದ ಭಂಡಾರದಲ್ಲಿ ಹಳೆಯ ಫೋಟೊಗಳು ಸಾವಿರಗಟ್ಟಲೆ ಇವೆ. ಬೆಟಗೇರಿಯ ಹುಡುಗಿಯರು ಸಾಲಾಗಿ ನಿಂತ ಒಂದು ಫೋಟೊ ಸಿಕ್ಕರೂ ಸಾಕು, ಕಳಿಸು. ಹಿಂಬದಿಯನ್ನೂ ತೆಗೆದು ಕಳಿಸು. ಒಮ್ಮೊಮ್ಮೆ ಅಲ್ಲಿ ಪೆನ್ಸಿಲ್ಲಿನಲ್ಲಿ ಹೆಸರು ಬರೆದಿರುತ್ತಾರೆ.

ನಿನ್ನ ದಾರಿ ಕಾಯುವ,
ಬೆಟಗೇರಿಯ ಗೆಳೆಯ