ಹಳ್ಳದ ದಾರಿಯ ಲೋಳೆಸರ ಕಿತ್ತವರು ಯಾರು?

ಮಾನ್ಯರೇ,

ನಮ್ಮೂರ ಹಳ್ಳದ ದಾರಿಯ ‘ಮುಳ್ಳುಕಂಟಿ’ ತೆರವಾಗಿದ್ದಕ್ಕೆ ಗ್ರಾಮಸ್ಥರು ಹರ್ಷಗೊಂಡಿದ್ದಾರೆಂಬ ಸುದ್ದಿ (ಬುಧವಾರದ ಸಂಚಿಕೆ) ಓದಿ ಮೈ ಉರಿಯಿತು. ಯಾರು ಆ ಗ್ರಾಮಸ್ಥರು? ಸೋಮವಾರ ಜೆಸಿಬಿ ಬಂದಾಗ ನಾವೆಲ್ಲ ಶೇಂಗಾ ಕೀಳಲು ಹೊಲಕ್ಕೆ ಹೋಗಿದ್ದೆವು. ನಮ್ಮನ್ನು ಯಾರೂ ಕೇಳಲಿಲ್ಲ.

ಆ ಬೇಲಿಸಾಲಿನಲ್ಲಿ ಲೋಳೆಸರ, ಮಂಗರವಳ್ಳಿ, ಲಕ್ಕಿ, ತುಂಬೆ ಇದ್ದವು. ದನದ ಕಾಲು ಮುರಿದರೆ ನಮ್ಮಪ್ಪ ಮಂಗರವಳ್ಳಿ ಜಜ್ಜಿ, ಬಿದಿರು ದಬ್ಬೆ ಇಟ್ಟು ಕಟ್ಟುತ್ತಿದ್ದ. ಬಳ್ಳಿ ತರುತ್ತಿದ್ದುದು ಅಲ್ಲಿಂದಲೇ. ಅದೇ ಸೋಮವಾರ ರಾತ್ರಿ ನಮ್ಮ ಎಮ್ಮೆಗೆ ಕೆಚ್ಚಲು ಬಾವು. ಒಂದು ಮೊಲೆ ಕಲ್ಲಾಗಿತ್ತು, ಹಾಲು ಗಂಟುಗಂಟಾಗಿ ಬರುತ್ತಿತ್ತು. ನಸುಕಿನಲ್ಲಿ ಲೋಳೆಸರಕ್ಕೆ ಓಡಿದರೆ ಅಲ್ಲಿ ಬರೀ ಕೆಂಪು ಮಣ್ಣು, ಚಕ್ರದ ಗುರುತು. ನಾಲ್ಕು ಕಿಲೋಮೀಟರ್ ನಡೆದು ಗುಡ್ಡದ ಬುಡದಿಂದ ತಂದು ಅರೆಯುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು.

ಕೆಚ್ಚಲು ಬಾವಿನ ಮದ್ದಿಗೆ ಬೇಕಾದ್ದು ಕಾಲು ಕಿಲೋ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ. ಸುಣ್ಣ ಬಿದ್ದೊಡನೆ ಹಳದಿ ಲೋಳೆ ಕುಂಕುಮದಂತೆ ಕೆಂಪಾಗುತ್ತದೆ. ಹಾಲು ಪೂರ್ತಿ ಹಿಂಡಿ ತೆಗೆದು, ಅದನ್ನು ನೀರಲ್ಲಿ ಕದಡಿ ಕೆಚ್ಚಲಿಗೆ ದಿನಕ್ಕೆ ಹಲವು ಸಲ, ಐದು ದಿನ ಹಚ್ಚಬೇಕು. ದಿನವೂ ಹಸಿ ಎಲೆಯೇ ಬೇಕು. ಕೆಲಸ ಬಿಟ್ಟು ಐದು ದಿನವೂ ಗುಡ್ಡಕ್ಕೆ ನಡೆಯಲೇ? ಇದನ್ನು ಮೂಢನಂಬಿಕೆ ಎನ್ನುವವರು ತಿಳಿದುಕೊಳ್ಳಲಿ: ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಈ ಮದ್ದನ್ನು ರೈತರಿಗೆ ಹೇಳಿಕೊಡುತ್ತದೆ. ದನಗಳ ಚರ್ಮಗಂಟು ರೋಗಕ್ಕೂ ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಅರೆದು ತಿನ್ನಿಸಿ ಎಂದದ್ದು ಅದೇ ಮಂಡಳಿ.

ದನದ ದವಾಖಾನೆಗೆ ಹೋಗೋಣವೆಂದರೆ ಡಾಕ್ಟರು ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಸೂಜಿ ಮಾಡಿಸಿದರೂ ಆಮೇಲೆ ಕೆಲವು ದಿನ ಹಾಲು ಡೇರಿಗೆ ಹಾಕುವಂತಿಲ್ಲ. ಸಂಘದ ಸಾಲದ ಕಂತನ್ನು ಯಾರು ಕಟ್ಟುತ್ತಾರೆ? ಹೋದ ವರ್ಷ ಇದೇ ದಾರಿಯಲ್ಲಿ ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಹೋದರು, ಒಂದು ಕೊಡ ನೀರು ಹಾಕಲಿಲ್ಲ. ಈಗ ಗುಂಡಿಗಳಷ್ಟೇ ಉಳಿದಿವೆ.

ಕಿತ್ತ ಗಿಡ ಮತ್ತೆ ಹಚ್ಚಿಕೊಡಲಿ, ದವಾಖಾನೆಗೆ ಪೂರ್ಣಾವಧಿ ಡಾಕ್ಟರನ್ನೂ ಕೊಡಲಿ. ಹೆಸರು ಗೊತ್ತಿಲ್ಲದ ಗಿಡವನ್ನೆಲ್ಲ ಕಸವೆಂದು ಬರೆದುಕೊಂಡು ಬಿಲ್ ಮಾಡುವವರಿಗೆ ಸ್ವಲ್ಪವಾದರೂ ನಾಚಿಕೆಯಾಗಬೇಕು.

– ಎಮ್ಮೆ ಕಟ್ಟಿದ ರೈತ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ